ಆರಿಂಚಿನ ಹೊಸ್ತಿಲು

ಡ್ಯಾಂ ಕ್ವಾರ್ಟರ್ಸ್, ಲಕ್ಕವಳ್ಳಿ
3 ಫೆಬ್ರವರಿ 2025

ಬಡಗಿ ಸನಾವುಲ್ಲಾ ಅವರಿಗೆ,

ಅಣೆಕಟ್ಟಿನ ಗೇಟ್ ವಿಭಾಗದ ದೇವರಾಜ ಬರೆಯುವುದು. ಜನವರಿ ಎರಡನೇ ವಾರದಲ್ಲಿ ನಿಮ್ಮನ್ನು ಅಜ್ಜಂಪುರದ ನನ್ನ ಮನೆಗೆ ಕರೆದುಕೊಂಡು ಹೋಗಿ, ಆಗಬೇಕಾದ ಕೆಲಸವನ್ನೆಲ್ಲ ತೋರಿಸಿದ್ದೆ. "ನಾಳಿದ್ದೇ ಸುರು ಮಾಡ್ತೀನಿ ಸಾರ್" ಎಂದಿರಿ. ಆ ನಾಳಿದ್ದು ಇನ್ನೂ ಬಂದಿಲ್ಲ. ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತನೇ ಸಲಕ್ಕೆ ನಿಮ್ಮ ಮಗಳು ಬುಷ್ರಾ ಎತ್ತಿ, "ಮಿಷಿನ್ ಸದ್ದಿಗೆ ಅಬ್ಬಾನ ಕಿವಿ ಹೋಗೈತೆ ಸಾರ್, ಫೋನಲ್ಲಿ ಏನೂ ಕೇಳ್ಸಲ್ಲ, ಏನಿದ್ರೂ ಬರ್ದು ಕಳ್ಸಿ" ಎಂದಳು. ಈ ಕಾಲದಲ್ಲಿ ಬಡಗಿಗೆ ಅಂಚೆಯಲ್ಲಿ ಕಾಗದ ಬರೆಯಬೇಕಾಗಿ ಬಂತು. ಒಂದು ಲೆಕ್ಕಕ್ಕೆ ಒಳ್ಳೆಯದೇ. ಬಾಯಲ್ಲಿ ಹೇಳಿದ್ದನ್ನು ಹೇಳಲೇ ಇಲ್ಲ ಎಂದು ನೀವು ಸಾಧಿಸಬಹುದು, ಬರೆದದ್ದನ್ನು ಹಾಗೆ ಮಾಡಲಾಗದು.

ಆದ್ದರಿಂದ ಬರೆಯುತ್ತಿದ್ದೇನೆ, ಜೋಪಾನವಾಗಿ ಇಟ್ಟುಕೊಳ್ಳಿ. ಮುಂಬಾಗಿಲ ಹೊಸ್ತಿಲನ್ನು ಗೆದ್ದಲು ತಿಂದಿದೆ. ಅದನ್ನು ಕಿತ್ತು ಆರಿಂಚಿನ ಹೊನ್ನೆ ಮರದ ಹೊಸ್ತಿಲು ಇಡಬೇಕು. ಹಿತ್ತಲ ಬಾಗಿಲ ಚೌಕಟ್ಟು ಬದಲಾಗಬೇಕು. ಬಚ್ಚಲಿಗೆ ಇಪ್ಪತ್ತನಾಲ್ಕು ಇಂಚು ಅಗಲದ ಬಾಗಿಲು, ಅಡುಗೆಮನೆಗೆ ಒಂದು ಕಪಾಟು. ಇಷ್ಟೇ.

ಮೇ ಕೊನೆಗೆ ನನಗೆ ನಿವೃತ್ತಿ, ಕ್ವಾರ್ಟರ್ಸ್ ಬಿಡಬೇಕು. ಮೇ ಹನ್ನೊಂದು ಭಾನುವಾರ ಅಜ್ಜಂಪುರದಲ್ಲಿ ಗೃಹಪ್ರವೇಶ. ನನ್ನ ಹೆಂಡತಿ ಹೇಮಾವತಿಗೆ ಹೋದ ವರ್ಷ ಬೈಕ್ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಬಲಗಾಲು ಸೋತಿದೆ. ಆ ದಿನ ಅವಳು ಹೊಸ ಹೊಸ್ತಿಲನ್ನು ಬಲಗಾಲು ಮುಂದಿಟ್ಟು, ಯಾರ ಕೈಯನ್ನೂ ಹಿಡಿಯದೆ, ತಾನೇ ದಾಟುತ್ತಾಳೆ. ಅಮೃತಾಪುರದ ಈಶ್ವರನ ಮುಂದೆ ನಿಂತು ಹೇಳಿಕೊಂಡಿದ್ದೇನೆ. ಡಾಕ್ಟರು ಹೇಳುವುದನ್ನು ಡಾಕ್ಟರು ಹೇಳಿಕೊಳ್ಳಲಿ. ನಿಮ್ಮ ಸೋಮಾರಿತನದಿಂದ ಈ ಹರಕೆಗೆ ಭಂಗ ಬಂದರೆ ನಾನು ಸುಮ್ಮನಿರುವ ಮನುಷ್ಯನಲ್ಲ.

ದೇವರಾಜ


ತರೀಕೆರೆ
9 ಫೆಬ್ರವರಿ 2025

ದೇವರಾಜ ಸಾಹೇಬರಿಗೆ,

ಕಿವಿ ಹೋಗಿದೆ, ಕಣ್ಣು ನೆಟ್ಟಗಿದೆ. ನೀವು ಎಷ್ಟು ಒತ್ತಿ ಬರೆದಿದ್ದೀರಿ ಎಂದರೆ ಕಾಗದವನ್ನು ಹಿಂಬದಿಯಿಂದಲೂ ಓದಿದೆ. ಎರಡೂ ಕಡೆಯಿಂದ ಬೈಗುಳವೇ ಕಂಡಿತು.

ನೀವು ಯಾರದೋ ಮಾತು ಕೇಳಿ ತರಿಸಿಟ್ಟಿರುವ ಹೊನ್ನೆ ಮರ ಹಸಿ. ಅದರಲ್ಲಿ ಈಗ ಕೆಲಸ ಮಾಡಿದರೆ ಆಷಾಢಕ್ಕೆ ಬಾಗಿಲು ಮುಚ್ಚುವುದಿಲ್ಲ, ಕಾರ್ತೀಕಕ್ಕೆ ಚಿಲಕ ಹತ್ತುವುದಿಲ್ಲ. ಆಗ ಅಜ್ಜಂಪುರದಲ್ಲಿ ಎಲ್ಲರೂ "ಸನಾವುಲ್ಲಾ ಮಾಡಿದ ಬಾಗಿಲು" ಎನ್ನುತ್ತಾರೆಯೇ ಹೊರತು "ದೇವರಾಜ ತರಿಸಿದ ಮರ" ಎನ್ನುವುದಿಲ್ಲ. ನನ್ನ ಹತ್ತಿರ ಮೂರು ವರ್ಷ ಒಣಗಿದ ಹೊನ್ನೆ ತುಂಡೊಂದಿದೆ. ಹೊಸ್ತಿಲಿಗೆ ಅದನ್ನೇ ಹಾಕುತ್ತೇನೆ. ನಿಮ್ಮ ಮರವನ್ನು ನೆರಳಿನಲ್ಲಿ ಅಡ್ಡ ಒಟ್ಟಿ ಬಂದಿದ್ದೇನೆ. ನಾಳಿದ್ದು ಇನ್ನೂ ಬಂದಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೆ ಹೇಳಿದೆ. ಎರಡು ಸಲ ಬಂದಿದ್ದೆ.

ಎಲ್ಲ ಅಳತೆ ಕೊಟ್ಟಿದ್ದೀರಿ, ಒಂದು ಬಿಟ್ಟು. ಅಮ್ಮನವರು ಓಡಾಡುವುದು ಕೋಲು ಹಿಡಿದೋ, ವಾಕರಿನಲ್ಲೋ, ಗಾಲಿ ಕುರ್ಚಿಯಲ್ಲೋ? ಅದರ ಅಗಲ ಎಷ್ಟು? ಬಚ್ಚಲ ಬಾಗಿಲು ಇಪ್ಪತ್ತನಾಲ್ಕು ಇಂಚು ಎಂದಿದ್ದೀರಿ, ಅದರಲ್ಲಿ ಕುರ್ಚಿ ಹೋಗುವುದಿಲ್ಲ. ಆ ಅಳತೆ ಬರೆದು ಕಳಿಸಿ.

ಸನಾವುಲ್ಲಾ, ಬಡಗಿ


ಲಕ್ಕವಳ್ಳಿ
13 ಫೆಬ್ರವರಿ 2025

ಸನಾವುಲ್ಲಾ ಅವರಿಗೆ,

ನಿಮ್ಮನ್ನು ಕರೆದದ್ದು ಮರದ ಕೆಲಸಕ್ಕೆ, ನನ್ನ ಮನೆಯ ಆರೋಗ್ಯ ವಿಚಾರಿಸುವುದಕ್ಕಲ್ಲ. ನನ್ನ ಹೆಂಡತಿ ಕಾಲಿನಲ್ಲಿ ನಡೆಯುತ್ತಾಳೆ. ಕಾಲಿಗೆ ಇಪ್ಪತ್ತನಾಲ್ಕು ಇಂಚು ಧಾರಾಳವಾಯಿತು. ಆಸ್ಪತ್ರೆಯವರು ಕೊಟ್ಟ ಕುರ್ಚಿಯೊಂದು ಇಲ್ಲಿ ಮೂಲೆಯಲ್ಲಿ ಮಡಿಸಿ ಬಿದ್ದಿದೆ, ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ. ಅದನ್ನು ಅಳೆಯುವ ಅಗತ್ಯ ನನಗಿಲ್ಲ. ಗೃಹಪ್ರವೇಶದ ಮಾರನೇ ದಿನ ಅದನ್ನು ವಾಪಸ್ ಕೊಟ್ಟು ಬರುತ್ತೇನೆ.

ಕೊಟ್ಟ ಅಳತೆಯಂತೆ ಕೆಲಸ ಮಾಡಿ. ಕೊಡದ ಅಳತೆ ಕೇಳಬೇಡಿ.

ದೇವರಾಜ


ತರೀಕೆರೆ
20 ಮಾರ್ಚ್ 2025

ದೇವರಾಜ ಸಾಹೇಬರಿಗೆ,

ಈ ತಿಂಗಳಲ್ಲಿ ನೀವು ಬರೆದ ಮೂರು ಕಾಗದಕ್ಕೂ ಇದೊಂದೇ ಉತ್ತರ. ಮೂರರಲ್ಲೂ "ಯಾಕೆ ತಡ" ಎಂದೇ ಇತ್ತು. ರಂಜಾನ್ ನಡೆಯುತ್ತಿದೆ. ಬೆಳಗಿನ ಏಳಕ್ಕೆ ಅಜ್ಜಂಪುರದಲ್ಲಿ ಇರುತ್ತೇನೆ, ಬಿಸಿಲು ನೆತ್ತಿಗೆ ಬರುವವರೆಗೆ ಉಪವಾಸದಲ್ಲೇ ಉಳಿ ಹಿಡಿಯುತ್ತೇನೆ, ಆಮೇಲೆ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ಮಾಡಿದ ಕೆಲಸ ನಿಮಗೆ ಬೇಕಾದರೆ ಹೇಳಿ, ಸಂಜೆಯವರೆಗೂ ಮಾಡುತ್ತೇನೆ.

ಹಿತ್ತಲ ಚೌಕಟ್ಟು ನಿಂತಿದೆ. ಕಪಾಟಿಗೆ ಬಾಗಿಲೊಂದು ಬಾಕಿ. ಬಚ್ಚಲ ಬಾಗಿಲು ನೀವು ಹೇಳಿದಷ್ಟೇ ಇದೆ. ಹಳೆಯ ಹೊಸ್ತಿಲನ್ನು ಮೊನ್ನೆ ಕಿತ್ತೆ. ಒಳಗೆಲ್ಲ ಟೊಳ್ಳು, ಮೇಲೆ ಅರಿಶಿನ ಕುಂಕುಮ ಮಾತ್ರ ಗಟ್ಟಿಯಾಗಿತ್ತು.

ಹೊಸದನ್ನು ಕೂರಿಸುವ ಮೊದಲು ಒಂದು ಮಾತು. ಹೊಸ್ತಿಲು ಎಷ್ಟು ಎತ್ತರ ಬೇಕು ಎಂದು ಇನ್ನೊಮ್ಮೆ ಯೋಚನೆ ಮಾಡಿ. ನೀವೊಬ್ಬರೇ ಕೂತು ಮಾಡಬೇಡಿ. ಅಮ್ಮನವರನ್ನೂ ಕೇಳಿ.

ಸನಾವುಲ್ಲಾ


ಲಕ್ಕವಳ್ಳಿ
25 ಮಾರ್ಚ್ 2025

ಸನಾವುಲ್ಲಾ ಅವರಿಗೆ,

ಆರಿಂಚು. ಅಕ್ಷರದಲ್ಲಿ ಆರು, ಅಂಕಿಯಲ್ಲಿ 6. ಮೂವತ್ತೆರಡು ವರ್ಷ ಅಣೆಕಟ್ಟಿನ ಗೇಟು ಏರಿಸಿ ಇಳಿಸಿದ್ದೇನೆ. ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಕೆಳಗಿನ ಊರುಗಳಲ್ಲಿ ಏನಾಗುತ್ತದೆ ಎಂದು ಬಲ್ಲವನು ನಾನು. ಅಳತೆಯ ಪಾಠ ನಿಮ್ಮಿಂದ ಬೇಡ.

ಕೇಳಿದ್ದೀರಿ, ಅದಕ್ಕೇ ಹೇಳುತ್ತೇನೆ. ಇಲ್ಲಿನ ಪಡಸಾಲೆಯಲ್ಲಿ ಎರಡೂ ಬದಿಗೆ ಕಬ್ಬಿಣದ ಪೈಪು ಹಾಕಿಸಿದ್ದೇನೆ. ದಿನಾ ಬೆಳಗ್ಗೆ ಡ್ಯೂಟಿಗೆ ಹೋಗುವ ಮೊದಲು ಹೇಮಾವತಿಯನ್ನು ಅದರ ನಡುವೆ ನಡೆಸುತ್ತೇನೆ. ನಿನ್ನೆ ಹದಿನಾಲ್ಕು ಹೆಜ್ಜೆ. ನಡುವೆ ಆರಿಂಚಿನ ಒಂದು ಮರದ ತುಂಡು ಇಟ್ಟಿದ್ದೇನೆ, ಅದನ್ನೂ ಪೈಪು ಹಿಡಿದು ದಾಟುತ್ತಾಳೆ. ಬೆವರುತ್ತಾಳೆ, ದಾಟುತ್ತಾಳೆ. ಒಂದು ದಿನವೂ ಬೇಡ ಎಂದಿಲ್ಲ. ಸಾಕು ಎಂದೂ ಅಂದಿಲ್ಲ. ಅವಳಿಗೂ ಅದೇ ಛಲವಿದೆ ಎಂದು ತಾನೇ ಇದರ ಅರ್ಥ? ಅವಳನ್ನು ಬೇರೆ ಕೇಳುವುದೇನಿದೆ?

ಹೊಸ್ತಿಲು ಇಟ್ಟಾಯಿತು ಎಂಬ ಒಂದು ಸಾಲಿನ ಹೊರತು ನಿಮ್ಮಿಂದ ಇನ್ನೇನೂ ಬರಕೂಡದು.

ದೇವರಾಜ


ತರೀಕೆರೆ
4 ಏಪ್ರಿಲ್ 2025

ಹೊಸ್ತಿಲು ಇಟ್ಟಾಯಿತು. ಬೀಗದ ಕೈ ಎದುರು ಮನೆಯ ಹುಲಿಯಮ್ಮನ ಹತ್ತಿರ ಇದೆ.

ಸನಾವುಲ್ಲಾ


ಲಕ್ಕವಳ್ಳಿ
14 ಏಪ್ರಿಲ್ 2025

ಸನಾವುಲ್ಲಾ,

ನಿನ್ನೆ ಅಜ್ಜಂಪುರಕ್ಕೆ ಹೋಗಿದ್ದೆ. ಬೀಗ ತೆಗೆದು ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಎಡವಲಿಲ್ಲ. ಏನೋ ತಪ್ಪಾಗಿದೆ ಎಂದು ಆಗಲೇ ಅನ್ನಿಸಿತು. ತಿರುಗಿ ನೋಡಿದರೆ ಹೊಸ್ತಿಲೇ ಇಲ್ಲ! ನೆಲಕ್ಕೆ ಸಮವಾಗಿ ಯಾವುದೋ ಮರದ ಪಟ್ಟಿ ಹಾಸಿದ್ದೀರಿ. ಬೀದಿಯೂ ಒಂದೇ, ನಡುಮನೆಯೂ ಒಂದೇ. ದನ ಬಂದರೂ ತಡೆಯಿಲ್ಲ. ಗೋಡೌನಿನ ಬಾಗಿಲು ಕೂಡ ಇದಕ್ಕಿಂತ ಮರ್ಯಾದೆಯಾಗಿರುತ್ತದೆ.

"ಇಟ್ಟಾಯಿತು" ಎಂದು ಬರೆದು ಸಹಿ ಮಾಡಿದ್ದೀರಲ್ಲ, ನಾಚಿಕೆಯಾಗಲಿಲ್ಲವೇ? ಹುಲಿಯಮ್ಮನನ್ನು ಕೇಳಿದರೆ ಆ ಮುದುಕಿ ಸೆರಗು ಬಾಯಿಗಿಟ್ಟುಕೊಂಡು, "ನಂಗೇನ್ ಗೊತ್ತಪ್ಪ, ನಾನು ಕೇಳ್ಸ್ಕಂಡಿಲ್ಲ" ಎಂದು ಒಳಗೆ ಹೋದಳು. ಕೇಳಿಸಿಕೊಳ್ಳುವುದಕ್ಕೆ ಏನಿತ್ತು? ಊರಿನವರನ್ನೂ ಸೇರಿಸಿಕೊಂಡು ಆಟ ಆಡುತ್ತಿದ್ದೀರಾ?

ಹೊಸ್ತಿಲು ಎಂದರೆ ನಮಗೆ ಏನು ಎಂಬುದು ನಿಮ್ಮವರಿಗೆ ತಿಳಿಯುವುದಿಲ್ಲ. ನಿಮ್ಮ ಮನೆಗಳಲ್ಲಿ ಅದಕ್ಕೆ ಪೂಜೆಯಿಲ್ಲ, ರಂಗೋಲಿಯಿಲ್ಲ. ತಿಳಿಯದವನ ಕೈಗೆ ಕೊಟ್ಟದ್ದು ನನ್ನ ತಪ್ಪು. ಕಡೂರಿನಿಂದ ಬೇರೆ ಬಡಗಿಯನ್ನು ಗೊತ್ತು ಮಾಡಿದ್ದೇನೆ. ಮೇ ಎರಡಕ್ಕೆ ಬಂದು ನೀವು ಕೆಡಿಸಿದ್ದನ್ನು ಕಿತ್ತು ಸರಿ ಮಾಡುತ್ತಾನೆ. ನೀವು ಇನ್ನು ಆ ಬೀದಿಯಲ್ಲಿ ಕಾಣಿಸಿಕೊಳ್ಳಬೇಡಿ.

ದೇವರಾಜ


ತರೀಕೆರೆ
17 ಏಪ್ರಿಲ್ 2025

ದೇವರಾಜರೇ,

ಸಾಹೇಬರೇ ಎಂದು ಬರೆಯಲು ಇವತ್ತು ಕೈ ಬರಲಿಲ್ಲ.

ಹದಿನೇಳನೇ ವಯಸ್ಸಿನಿಂದ ಹೊಸ್ತಿಲು ಇಡುತ್ತಿದ್ದೇನೆ. ತರೀಕೆರೆ, ಅಜ್ಜಂಪುರ, ಹಿರೇನಲ್ಲೂರಿನವರೆಗೆ ಇಟ್ಟಿದ್ದೇನೆ. ನಿಮ್ಮವರ ಮನೆಯ ಹೆಣ್ಣುಮಕ್ಕಳು ಅವಕ್ಕೆ ಅರಿಶಿನ ಹಚ್ಚುವ ದಿನ ನನ್ನ ಕೈಗೆ ವೀಳ್ಯ ಕೊಟ್ಟು, ನನ್ನ ಉಳಿಗೂ ಕುಂಕುಮ ಇಟ್ಟಿದ್ದಾರೆ. ತಿಳಿಯದವನು ಎಂದು ಯಾರೂ ಅಂದಿರಲಿಲ್ಲ. ನೀವು ಅಂದಿರಿ. ಹತ್ತು ಸಲ ಓದಿದೆ, ಹತ್ತು ಸಲವೂ ಹಾಗೇ ಇತ್ತು.

ಈಗ ಹೊಸ್ತಿಲಿನ ವಿಷಯ. ಹೊಸ್ತಿಲು ಇಲ್ಲ ಎಂದಿರಿ. ನೀವು ತುಳಿದುಕೊಂಡು ಹೋದದ್ದೇ ಅದು. ಪಟ್ಟಿಯಲ್ಲ, ಪೂರ್ತಿ ಆರಿಂಚಿನ ಹೊನ್ನೆ. ನೆಲ ಅಗೆದು, ಕಲ್ಲು ಕಡಿದು ಕೆಳಗೆ ಇಳಿಸಿದ್ದೇನೆ. ಮರದ ಬುಡ ಬಲಕ್ಕೆ, ತುದಿ ಎಡಕ್ಕೆ, ನಿಮ್ಮವರು ಕೇಳುವ ಹಾಗೆಯೇ ಇದೆ. ಬುಡ ಯಾವುದು ಎಂದು ಕಡೂರಿನವನಿಗೆ ಗೊತ್ತಾಗದಿದ್ದರೆ ಬಲತುದಿಯಲ್ಲಿ ಉಳಿಯ ಗೀಟು ಹಾಕಿದ್ದೇನೆ, ತೋರಿಸಿ. ಕೆಳಗೆ ನವಧಾನ್ಯದ ಗಂಟು ಇದೆ, ತಾಮ್ರದ ಚೂರು ಇದೆ. ಅದನ್ನು ನಾನು ಇಟ್ಟದ್ದಲ್ಲ. ಆ ಮನೆಯ ಹೆಣ್ಣುಮಗಳು ಕೈಯಾರೆ ಕಟ್ಟಿ ಕೊಟ್ಟದ್ದು.

ಹೇಳಬಾರದು ಎಂದಿದ್ದರು. ಹೇಳಿಯೇಬಿಟ್ಟೆ, ಇನ್ನು ಪೂರ್ತಿ ಕೇಳಿ.

ಮಾರ್ಚ್ ಹದಿನಾರು, ಭಾನುವಾರ. ನೀವು ಡ್ಯೂಟಿಯಲ್ಲಿದ್ದಿರಿ. ನಿಮ್ಮ ಮಗಳು ಗಾನವಿ ಬಾಡಿಗೆ ಕಾರಿನಲ್ಲಿ ಅಮ್ಮನವರನ್ನು ಅಜ್ಜಂಪುರಕ್ಕೆ ಕರೆದುಕೊಂಡು ಬಂದಳು. ಕಾರಿನ ಹಿಂದೆ ಕುರ್ಚಿ ಇತ್ತು. ಬೆಡ್‌ಶೀಟ್ ಹೊದಿಸಿಟ್ಟ ಅದೇ ಕುರ್ಚಿ. ನೀವು ಡ್ಯೂಟಿಗೆ ಹೋದ ಮೇಲೆ ಅದನ್ನು ಬಿಡಿಸಿ ಮನೆಯೆಲ್ಲ ಓಡಾಡುತ್ತಾರಂತೆ. ನಿಮ್ಮ ಗಾಡಿ ಸದ್ದು ಕೇಳಿದ ಕೂಡಲೇ ಮಗಳು ಮಡಿಸಿ ಬೆಡ್‌ಶೀಟ್ ಹೊದಿಸುತ್ತಾಳಂತೆ. ನಿಮ್ಮ ಮನೆಯಲ್ಲಿ ಅವರು ಕದ್ದು ಮಾಡುವ ಕೆಲಸ ಇದೊಂದೇ ಇರಬೇಕು.

ಹಳೇ ಹೊಸ್ತಿಲು ಆಗಿನ್ನೂ ಇತ್ತು. ಕುರ್ಚಿ ದಾಟಲಿಲ್ಲ. ಅಮ್ಮನವರು ಬಾಗಿಲ ಮುಂದೆಯೇ ಕೂತರು. ಮಗಳು ಒಳಗೆ ಹೋಗಿ ಒಂದೊಂದೇ ಕೋಣೆಯಿಂದ ಕೂಗಿ ಹೇಳಿದಳು. ಅಡುಗೆಮನೆಗೆ ಎರಡು ಕಿಟಕಿ ಕಣಮ್ಮಾ, ದೇವರ ಗೂಡು ಪೂರ್ವಕ್ಕೆ ಐತೆ ಕಣಮ್ಮಾ ಎಂದು. ತಮ್ಮ ಮನೆಯನ್ನು ಹೊರಗೆ ಕೂತು ಕಿವಿಯಲ್ಲಿ ನೋಡಿದರು. ನನಗೆ ಕಿವಿ ಇಲ್ಲ. ಮಗಳು ಏನು ಕೂಗಿದಳು ಎಂದು ಆಮೇಲೆ ಹುಲಿಯಮ್ಮ ಹೇಳಿದಳು. ಕಂಡದ್ದು ಅಮ್ಮನವರ ಮುಖ ಮಾತ್ರ, ಅದೇ ಸಾಕಾಗಿತ್ತು.

ಆಮೇಲೆ ನನ್ನನ್ನು ಕರೆದು ಮಾತಾಡಿದರು. ನನಗೆ ಕೇಳಲಿಲ್ಲ. ಜೋರಾಗಿ ಹೇಳಿದರು, ಕೇಳಲಿಲ್ಲ. ಕೊನೆಗೆ ಕೂಗಿಯೇ ಹೇಳಿದರು: "ಸಾಬ್ರೇ, ಆ ಪೈಪ್ ಹಿಡ್ಕಂಡ್ರೆ ದಾಟ್ತೀನಿ, ಕೈ ಬಿಟ್ರೆ ಬೀಳ್ತೀನಿ! ಅವತ್ತು ಅಷ್ಟು ಜನದ ಮುಂದೆ ಬಿದ್ದೇ ಬೀಳ್ತೀನಿ! ಬಿದ್ರೆ ನನ್ನನ್ನ ಯಾರಾರೂ ಎತ್ತಾರು, ಅವ್ರು ಮಾತ್ರ ಮತ್ತೆ ಏಳಲ್ಲ ಸಾಬ್ರೇ! ಹೊಸ್ಲು ಇಳ್ಸಿ! ಅವ್ರಿಗೆ ಹೇಳ್ಬೇಡಿ!"

ಬೀದಿಯ ಎರಡೂ ಕಡೆ ಜನ ಹೊರಗೆ ಬಂದು ನಿಂತಿದ್ದರು. ಹುಲಿಯಮ್ಮ ಅಕ್ಕಿ ಆರಿಸುವ ಮೊರ ಹಿಡಿದು ನಿಂತಿದ್ದಳು. ಹಾಗಾಗಿ ಈ ಗುಟ್ಟು ಈಗ ಅಜ್ಜಂಪುರಕ್ಕೆಲ್ಲ ಗೊತ್ತು. ಗೊತ್ತಿಲ್ಲದವರು ನೀವೊಬ್ಬರೇ.

ಬೈಕ್ ಹೇಗೆ ಬಿತ್ತು ಎಂದು ಕೇಳಿದೆ. "ಬಿತ್ತು" ಎಂದರು, ಅಷ್ಟೇ.

ನನಗೇನು ಬೇಕಿತ್ತು ಈ ಉಸಾಬರಿ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿ ಮಹಬೂಬ್ ಬಿ ಮಂಡಿ ಸೋತು ಕೊನೆಯ ಹದಿನಾಲ್ಕು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಮಳೆ ನೀರು ನುಗ್ಗಬಾರದು ಎಂದು ನಮ್ಮ ಬಾಗಿಲಿಗೆ ಏಳಿಂಚು ಮಾಡಿಟ್ಟವನು ನಾನೇ. ಇಳಿಸಿಕೊಡಿ ಎಂದು ಅವಳು ಒಂದು ಸಲ ಹೇಳಿದ್ದಳು. ಈ ಕೆಲಸ ಮುಗಿಯಲಿ, ಆ ಕೆಲಸ ಮುಗಿಯಲಿ ಎಂದೆ. ಅವಳು ಮತ್ತೆ ಕೇಳಲಿಲ್ಲ. ಮತ್ತೆ ಕೇಳಲಿಲ್ಲವಲ್ಲ, ಅವಳಿಗೆ ಪರವಾಗಿಲ್ಲ ಎಂದುಕೊಂಡೆ. ಮುಂದಿನದನ್ನು ನಿಮಗೆ ಬರೆಯುವುದಿಲ್ಲ.

ಬಚ್ಚಲ ಬಾಗಿಲನ್ನು ಮಾತ್ರ ನಾನು ಮುಟ್ಟಿಲ್ಲ. ಅವತ್ತು ಕುರ್ಚಿ ಕಣ್ಣೆದುರೇ ಇತ್ತು, ಟೇಪು ಜೇಬಿನಲ್ಲಿತ್ತು. ಅಳೆಯಲಿಲ್ಲ. ಅದು ನೀವು ಕೊಡಬೇಕಾದ ಅಳತೆ.

ಸನಾವುಲ್ಲಾ


ಲಕ್ಕವಳ್ಳಿ
22 ಏಪ್ರಿಲ್ 2025

ಸನಾವುಲ್ಲಾ,

ನಿಮ್ಮ ಕಾಗದ ತಲುಪಿತು. ಅದರಲ್ಲಿ ಇರುವುದೆಲ್ಲ ಸುಳ್ಳು. ನನ್ನ ಹೆಂಡತಿ ನನ್ನಿಂದ ಮುಚ್ಚಿಟ್ಟು ಏನನ್ನೂ ಮಾಡುವವಳಲ್ಲ. ಮಾಡಿದ ತಪ್ಪನ್ನು ಮುಚ್ಚಲು ಹೆಂಗಸೊಬ್ಬಳ ಹೆಸರು ಎಳೆದು ತಂದಿರಿ, ಅದೂ ನಡೆಯಲಾಗದ ಹೆಂಗಸಿನ ಹೆಸರು. ಇದಕ್ಕಿಂತ ಕೀಳು ಕೆಲಸವಿಲ್ಲ.

ಅವಳನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕಡೂರಿನವನು ಮೇ ಎರಡಕ್ಕೆ ಬರುತ್ತಾನೆ. ನಿಮ್ಮ ಉಳಿ ಬಾಚಿಗಳನ್ನು ಅಷ್ಟರೊಳಗೆ ತೆಗೆದುಕೊಂಡು ಹೋಗಿ.

ದೇವರಾಜ


ತರೀಕೆರೆ
26 ಏಪ್ರಿಲ್ 2025

ದೇವರಾಜರೇ,

"ನಡೆಯಲಾಗದ ಹೆಂಗಸು" ಎಂದು ನೀವೇ ಬರೆದಿದ್ದೀರಿ. ನಾನು ಬರೆಸಿದ್ದಲ್ಲ.

ಕಡೂರಿನವನನ್ನು ಕರೆಸಬೇಡಿ. ಅವನು ಹೊಸ್ತಿಲು ಮೇಲೆತ್ತಲು ಹೋದರೆ ಚೌಕಟ್ಟು ಸಡಿಲಾಗುತ್ತದೆ, ಬಾಗಿಲು ಕೂರುವುದಿಲ್ಲ, ಮೇ ಹನ್ನೊಂದಕ್ಕೆ ನಿಮಗೆ ಮನೆಯೇ ಇರುವುದಿಲ್ಲ. ಅದರ ಬದಲು ಇದನ್ನು ಮಾಡಿದ್ದೇನೆ. ಅದೇ ಹೊನ್ನೆಯ ಉಳಿದ ತುಂಡಿನಲ್ಲಿ ಆರಿಂಚು ಎತ್ತರದ ಒಂದು ಹಲಗೆ. ಅಡಿಗೆ ಎರಡು ಗೂಟ. ಹೊಸ್ತಿಲಿನಲ್ಲಿ ಎರಡು ತೂತು ಕೊರೆದು ಮುಚ್ಚಳ ಹಾಕಿದ್ದೇನೆ. ಮುಚ್ಚಳ ತೆಗೆದು ಹಲಗೆ ಇಟ್ಟು ಅಂಗೈಯಲ್ಲಿ ಗುದ್ದಿದರೆ ಕೂರುತ್ತದೆ. ಕಂಡವರು ಆರಿಂಚಿನ ಹೊಸ್ತಿಲು ಎಂದೇ ಅನ್ನುತ್ತಾರೆ. ಹಲಗೆ ಹುಲಿಯಮ್ಮನ ಮನೆಯ ಅಟ್ಟದಲ್ಲಿದೆ.

ಬಡಗಿ ಬೇಕಾಗಿಲ್ಲ. ಇಡುವುದಾದರೆ ನೀವೇ ಇಡಬೇಕು, ನಿಮ್ಮ ಕೈಯಿಂದ. ಆಮೇಲೆ ಏನಾದರೂ ಆದರೆ ಸನಾವುಲ್ಲಾ ಇಟ್ಟ ಹೊಸ್ತಿಲು ಎಂದು ಯಾರೂ ಅನ್ನಬಾರದು.

ಉಳಿ ಬಾಚಿ ತಂದಿದ್ದೇನೆ. ಇದು ಕೊನೆಯ ಕಾಗದ.

ಸನಾವುಲ್ಲಾ


ಅಜ್ಜಂಪುರ
13 ಮೇ 2025

ಸನಾವುಲ್ಲಾ ಅವರಿಗೆ,

ಈ ಕಾಗದ ದೂರು ಹೇಳಲು ಬರೆಯುತ್ತಿರುವುದು. ಹಿತ್ತಲ ಬಾಗಿಲು ಕಿರುಗುಟ್ಟುತ್ತದೆ. ಕಪಾಟಿನ ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ನಿಮ್ಮ ಹಲಗೆಯ ಗೂಟಗಳು ಮಿತಿ ಮೀರಿ ಬಿಗಿಯಾಗಿವೆ. ಅದರ ವಿಷಯ ಆಮೇಲೆ.

ಮೊದಲು ಇನ್ನೊಂದು. ಏಪ್ರಿಲ್ ಇಪ್ಪತ್ತೆರಡಕ್ಕೆ ನಿಮ್ಮದು ಸುಳ್ಳು ಎಂದು ಬರೆದೆನಲ್ಲ, ಆ ಕಾಗದ ಬರೆಯುವ ಮೊದಲೇ ನಾನು ಬೆಡ್‌ಶೀಟ್ ಎತ್ತಿ ಕುರ್ಚಿ ನೋಡಿದ್ದೆ. ಚಕ್ರದ ಸಂದಿಯಲ್ಲಿ ಕಪ್ಪು ಎರೆಮಣ್ಣು ಒಣಗಿತ್ತು. ಲಕ್ಕವಳ್ಳಿಯಲ್ಲಿ ಎರೆಮಣ್ಣು ಎಲ್ಲಿದೆ? ನಮ್ಮ ಅಜ್ಜಂಪುರದ ಬೀದಿ ನಲ್ಲಿಯ ಹತ್ತಿರ ಇರುವುದೇ ಅದು. ನೋಡಿ, ಮತ್ತೆ ಹೊದಿಸಿ, ಮೇಜಿಗೆ ಬಂದು ನಿಮಗೆ ಹಾಗೆ ಬರೆದೆ. ಹೇಮಾವತಿಯನ್ನು ಕೇಳಲಿಲ್ಲ. ಕೇಳಿದರೆ ಹೌದು ಎನ್ನುತ್ತಾಳೆ ಎಂಬ ಹೆದರಿಕೆ.

ಕಡೂರಿನವನಿಗೆ ಬರಬೇಡ ಎಂದು ಹೇಳಿದೆ. ಹನ್ನೊಂದರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಹುಲಿಯಮ್ಮನ ಅಟ್ಟದಿಂದ ಹಲಗೆ ಇಳಿಸಿ, ನಾನೇ ಕೂರಿಸಿದೆ. ಅರಿಶಿನ ಹಚ್ಚಿದೆ. ಹೂವು ಇಟ್ಟೆ. ಚೆನ್ನಾಗಿ ಕಾಣುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಹತ್ತು ಗಂಟೆಗೆ ಕಾರು ಬಂತು. ನಲವತ್ತು ಜನ ಸೇರಿದ್ದರು. ಪುರೋಹಿತರು ಗಡಿಯಾರ ನೋಡುತ್ತಿದ್ದರು. ಹೇಮಾವತಿ ಗಾನವಿಯ ಭುಜ ಹಿಡಿದು ಇಳಿದು ಬಾಗಿಲ ಮುಂದೆ ನಿಂತಳು. ಹಲಗೆ ನೋಡಿದಳು. ಅವಳಿಗೆ ಹೊಸ್ತಿಲು ಇಳಿದಿದೆ ಎಂದು ಗೊತ್ತಿತ್ತಲ್ಲ, ಅದಕ್ಕೇ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು. ಅರ್ಥವಾಯಿತು. ಗಾನವಿಯ ಭುಜದಿಂದ ಕೈ ತೆಗೆದು ಬಾಗಿಲ ಕಂಬ ಹಿಡಿದಳು. ಇನ್ನೊಂದು ಕೈಯಲ್ಲಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

ಹೋದ ವರ್ಷ ಬೀರೂರಿನ ರಸ್ತೆಯಲ್ಲಿ ಬೈಕ್ ಹತ್ತುವಾಗಲೂ ಹೀಗೇ ಸೆರಗು ಸಿಕ್ಕಿಸಿದ್ದಳು. "ನಿಧಾನಕ್ಕೆ ಹೋಗ್ರಿ" ಎಂದಿದ್ದಳು. ಬೈಕ್ ಹೇಗೆ ಬಿತ್ತು ಎಂದು ನೀವು ಕೇಳಿದ್ದಿರಿ, ಅವಳು ಹೇಳಲಿಲ್ಲ. ಇಷ್ಟು ದಿನ ನನ್ನ ಎದುರಿಗೂ ಹೇಳಿಲ್ಲ. ಓಡಿಸುತ್ತಿದ್ದವನು ನಾನು. ನಿಧಾನಕ್ಕೆ ಹೋಗಲಿಲ್ಲ.

ಅವಳು ದಾಟುವುದಿಲ್ಲ, ಬೀಳುತ್ತಾಳೆ, ಬೀಳುತ್ತೇನೆಂದು ತಿಳಿದೂ ಕಂಬ ಬಿಡುತ್ತಾಳೆ. ನನ್ನ ಮಾತು ಉಳಿಯಲಿ ಎಂದು ಬಿಡುತ್ತಾಳೆ. ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ನಿಲ್ಲು ಎಂದೆ. ಬಗ್ಗಿ ಹಲಗೆ ಹಿಡಿದು ಎಳೆದೆ. ಬರಲಿಲ್ಲ! ಅಂಗೈಯಲ್ಲಿ ಗುದ್ದಿದರೆ ಕೂರುತ್ತದೆ ಎಂದು ಬರೆದಿರಿ, ತೆಗೆಯುವುದು ಹೇಗೆ ಎಂದು ಯಾಕೆ ಬರೆಯಲಿಲ್ಲ? ನಲವತ್ತು ಜನರ ಮುಂದೆ ಮಂಡಿಯೂರಿ ಕೂತು ನನ್ನ ಮನೆಯ ಹೊಸ್ತಿಲನ್ನು ನಾನೇ ಕೀಳುತ್ತಿದ್ದೆ. ರೇಷ್ಮೆ ಪಂಚೆಯೆಲ್ಲ ಅರಿಶಿನ. ಪುರೋಹಿತರು, "ಏನ್ರೀ ಇದು ದೇವರಾಜಪ್ಪನೋರೇ, ಹೊತ್ತು ಮೀರುತ್ತೆ" ಎಂದರು. ಕೊನೆಗೆ ಹುಲಿಯಮ್ಮ ಒನಕೆ ತಂದು, "ಸರಿಯಪ್ಪಾ ಅತ್ಲಾಗೆ" ಎಂದು ಪಕ್ಕದಿಂದ ಒಂದು ಏಟು ಹಾಕಿದಳು. ಎದ್ದು ಬಂತು. ಆ ಮುದುಕಿ ನಕ್ಕಿದ್ದನ್ನು ನಾನು ಈ ಜನ್ಮಕ್ಕೆ ಮರೆಯುವುದಿಲ್ಲ.

ಕುರ್ಚಿ ಕಾರಿನಲ್ಲೇ ಇತ್ತು. ನಾನೇ ಬಿಡಿಸಲು ಹೋದೆ, ಬಿಡಿಸಲು ಬರಲಿಲ್ಲ. ಒಂದು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲವಲ್ಲ. ಗಾನವಿ ಬಿಡಿಸಿದಳು, ನಾನು ಹಿಡಿದು ತಳ್ಳಿದೆ. ಮುಂದಿನ ಚಕ್ರ ಹೊಸ್ತಿಲ ಹತ್ತಿರ ಬಂದಾಗ ಹೇಮಾವತಿ, "ತಡೀರಿ" ಎಂದಳು. ಎರಡೂ ಕೈಯಲ್ಲಿ ತನ್ನ ಬಲಗಾಲನ್ನು ಮಂಡಿಯ ಕೆಳಗೆ ಹಿಡಿದೆತ್ತಿ, ಪಾದವನ್ನು ಮರದ ಮೇಲೆ ಇಟ್ಟಳು. ನೆಲಕ್ಕೆ ಸಮವಾಗಿದ್ದದ್ದರಿಂದ ಇಡಲಾಯಿತು, ಇಲ್ಲದಿದ್ದರೆ ಆಗುತ್ತಿರಲಿಲ್ಲ. ತಿರುಗಿ ನನ್ನ ಕಡೆ ನೋಡಿ, "ಬಲಗಾಲೇ ಕಣ್ರೀ, ನೋಡ್ಕಳಿ. ಯಾರ ಕೈನೂ ಹಿಡೀಲಿಲ್ಲ" ಎಂದಳು. ನಾನು ಅತ್ತೆ. ಎಲ್ಲರ ಮುಂದೆ ಅತ್ತೆ, ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ.

ನಿಮ್ಮವರಿಗೆ ತಿಳಿಯುವುದಿಲ್ಲ ಎಂದು ಬರೆದಿದ್ದೆ. ಬರೆಯಬಾರದಿತ್ತು. ಅದನ್ನು ಬರೆದದ್ದಕ್ಕೆ ನನಗೆ ನಾಚಿಕೆಯಾಗಿದೆ. ಆ ಕಾಗದ ನಿಮ್ಮ ಹತ್ತಿರ ಇದ್ದರೆ ಹರಿದು ಹಾಕಿ. ಇಟ್ಟುಕೊಳ್ಳುವುದಾದರೆ ಇದನ್ನೂ ಜೊತೆಗೆ ಇಟ್ಟುಕೊಳ್ಳಿ.

ನನಗೆ ಹೇಳದೆ ನನ್ನ ಮನೆಯ ನೆಲ ಅಗೆದದ್ದನ್ನು ಮಾತ್ರ ನಾನು ಕ್ಷಮಿಸಿಲ್ಲ.

ಈಗ ಕೆಲಸ. ಕಿರುಗುಟ್ಟುವ ಬಾಗಿಲು, ಕಪಾಟು, ಮತ್ತು ಬಚ್ಚಲು. ಬಚ್ಚಲ ಬಾಗಿಲು ಇಪ್ಪತ್ತನಾಲ್ಕು ಇಂಚಿದೆ. ಬರೆದವನು ನಾನೇ, ಗೊತ್ತು. ಕುರ್ಚಿ ಹೋಗುವುದಿಲ್ಲ. ಎರಡು ದಿನದಿಂದ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದೇನೆ, ಅವಳಿಗೆ ಅದು ಹಿಡಿಸುತ್ತಿಲ್ಲ. ಗೋಡೆ ಒಡೆದು ಚೌಕಟ್ಟು ಅಗಲ ಮಾಡಬೇಕು. ಸೋಮವಾರ ಬನ್ನಿ. ನಿಮ್ಮ ನಾಳಿದ್ದು ಬೇಡ, ಸೋಮವಾರ.

ಫೆಬ್ರವರಿ ಒಂಬತ್ತಕ್ಕೆ ನೀವು ಕೇಳಿದ್ದ ಅಳತೆ: ಈ ಚಕ್ರದ ಹೊರಬದಿಯಿಂದ ಆ ಚಕ್ರದ ಹೊರಬದಿಗೆ ಇಪ್ಪತ್ತಾರೂವರೆ ಇಂಚು. ಬೆರಳಿಗೆ ಎರಡೂ ಕಡೆ ಒಂದೊಂದು ಇಂಚು ಬೇಕಂತೆ, ಅವಳೇ ಹೇಳಿದಳು. ಅವಳು ಅದರಲ್ಲಿ ಕೂತಿರುವಾಗಲೇ ಅಳೆದಿದ್ದೇನೆ.

ದೇವರಾಜ